ಹುಟ್ಟುಗುಣ: ಆನುವಂಶಿಕತೆಯೂ ಮನುಷ್ಯಸ್ವಭಾವವೂ

“ತಾಯಿಯಂತೆ ಮಗಳು, ನೂಲಿನಂತೆ ಸೀರೆ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. “ಹುಟ್ಟುಗುಣ ಸುಟ್ಟರೂ ಹೋಗದು” ಎಂಬುದಾದರೋ ಅದಕ್ಕಿಂತಲೂ ಕಠಿಣವಾದ ತೀರ್ಪು. ಆದರೆ ನಮ್ಮ ಅದೇ ಹಿರಿಯರು “ಸಹವಾಸದೋಷದಿಂದ ಸನ್ಯಾಸಿ ಕೆಟ್ಟ” ಎಂದೂ “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?” ಎಂದೂ ಹೇಳಿಹೋಗಿದ್ದಾರೆ. ಮೊದಲಿನ ಎರಡು ಗಾದೆಗಳು ರಕ್ತವನ್ನು ನಂಬಿದರೆ ಉಳಿದೆರಡು ಸಂಸ್ಕಾರವನ್ನು ನಂಬುತ್ತವೆ. ಪಾಲಕರ ಸಭೆಯ ದಿನ ಈ ನಾಲ್ಕನ್ನೂ ನಾವು ಒಂದೇ ಅಪರಾಹ್ನದಲ್ಲಿ ಕೇಳುವುದುಂಟು. ಕೆಲವೊಮ್ಮೆ ಒಬ್ಬರೇ ಪಾಲಕರ ಬಾಯಿಂದ! ಮಗನು ಜಾಣನಾದರೆ ಅದು ಮನೆತನದ ಗುಣ. ತುಂಟನಾದರೆ ಪಕ್ಕದ ಚಾಳಿನ ಹುಡುಗರ ಸಹವಾಸ.

ಪರಿಹಾಸ ಹಾಗಿರಲಿ. ಒಬ್ಬ ಹುಡುಗಿಯು ವರ್ಗದಲ್ಲಿ ಬಾಯಿ ಬಿಡುವುದಿಲ್ಲವೆನ್ನಿ. “ಅವಳ ತಂದೆಯೂ ಹೀಗೆಯೇ, ಅದು ರಕ್ತದಲ್ಲಿಯೇ ಇದೆ” ಎಂದು ಯಾರಾದರೂ ಹೇಳಿದ ಗಳಿಗೆಯಿಂದ ಅವಳನ್ನು ಮಾತನಾಡಿಸುವ ಪ್ರಯತ್ನವೇ ನಿಂತುಹೋಗುವ ಸಂಭವವಿದೆ. ಇದಕ್ಕೆ ಪ್ರತಿಯಾಗಿ, “ಎಲ್ಲವೂ ತಂದೆತಾಯಿಗಳು ಬೆಳೆಸಿದ ರೀತಿ” ಎಂದುಬಿಟ್ಟರೆ ನಿರಪರಾಧಿಗಳಾದ ತಂದೆತಾಯಿಗಳ ತಲೆಗೆ ದೋಷ ಕಟ್ಟಿದಂತಾಗುತ್ತದೆ. ಆದ್ದರಿಂದ ಈ ವಿಷಯದಲ್ಲಿ ವಿಜ್ಞಾನವು ಇಂದು ಏನು ಹೇಳುತ್ತದೆ, ಎಷ್ಟನ್ನು ಹೇಳುತ್ತದೆ ಎಂಬುದನ್ನು ವಾಚಕರ ಮುಂದಿಡಬೇಕೆಂದು ನಾವು ಬಯಸಿದ್ದೇವೆ.

ಮಕ್ಕಳು ಸ್ವಭಾವದಲ್ಲಿ ಭಿನ್ನರಾಗಿಯೇ ಹುಟ್ಟುತ್ತಾರೆಯೆ? ಎರಡು ಮಕ್ಕಳನ್ನು ಹೆತ್ತ ಯಾವ ತಾಯಿಯೂ ಈ ಪ್ರಶ್ನೆಗೆ ನಕ್ಕಾಳು. ಆದರೆ ಒಂದು ಕಾಲದಲ್ಲಿ ಪಂಡಿತರು ಈ ಮಾತನ್ನು ಒಪ್ಪುತ್ತಿರಲಿಲ್ಲ. ಮಗುವಿನ ಸ್ವಭಾವವೆಲ್ಲ ತಾಯಿಯ ಲಾಲನೆಯ ಫಲವೆಂಬುದೇ ಅವರ ಮತವಾಗಿದ್ದಿತು. 1956ರಲ್ಲಿ ನ್ಯೂಯಾರ್ಕಿನ ವೈದ್ಯ ದಂಪತಿಗಳಾದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಅವರು ನೂರಕ್ಕೂ ಮಿಕ್ಕಿ ಶಿಶುಗಳನ್ನು ಆರಿಸಿಕೊಂಡು ಅವುಗಳನ್ನು ವರ್ಷಗಟ್ಟಲೆ ಗಮನಿಸತೊಡಗಿದರು. ಶೇಕಡಾ 40ರಷ್ಟು ಶಿಶುಗಳು ಸುಲಭ ಸ್ವಭಾವದವು. ಹೊತ್ತಿಗೆ ಸರಿಯಾಗಿ ನಿದ್ದೆ, ಊಟ, ನಗು. ಶೇಕಡಾ 10ರಷ್ಟು ಕಷ್ಟದ ಸ್ವಭಾವದವು. ಅವುಗಳಿಗೆ ಯಾವುದೂ ಹೊಂದದು, ಎಲ್ಲದಕ್ಕೂ ಅಳು. ಶೇಕಡಾ 15ರಷ್ಟು ಮಕ್ಕಳು ಹೊಸದನ್ನು ಕಂಡರೆ ಹಿಂಜರಿದು ಬಳಿಕ ನಿಧಾನವಾಗಿ ಒಗ್ಗಿಕೊಳ್ಳುವವು. ಉಳಿದವು ಯಾವ ಗುಂಪಿಗೂ ಸೇರದ ಮಿಶ್ರ ಸ್ವಭಾವದವು. ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದ ಜೆರೋಮ್ ಕೇಗನ್ ಎಂಬ ಮನೋವಿಜ್ಞಾನಿಯು ನಾಲ್ಕು ತಿಂಗಳ ಶಿಶುಗಳೆದುರಿಗೆ ಬಣ್ಣದ ಆಟಿಗೆಗಳನ್ನು ತೂಗಾಡಿಸಿ, ಅಪರಿಚಿತ ಧ್ವನಿಗಳನ್ನು ಕೇಳಿಸಿ ಪರೀಕ್ಷಿಸಿದನು. ಐದರಲ್ಲಿ ಒಂದು ಮಗು ಕೈಕಾಲು ಬಡಿದು ಅತ್ತಿತು. ಐದರಲ್ಲಿ ಎರಡು ಏನೂ ಆಗದಂತೆ ಸುಮ್ಮನಿದ್ದವು. ಅತ್ತ ಮಕ್ಕಳೇ ಎರಡನೆಯ ವರ್ಷದಲ್ಲಿ ಅಪರಿಚಿತರನ್ನು ಕಂಡು ಹೆಚ್ಚು ಅಂಜಿದವು. ಆದರೆ ಅವೆಲ್ಲವೂ ಅಂಜುಬುರುಕರಾಗಿಯೇ ಬೆಳೆಯಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಹರೆಯಕ್ಕೆ ಬರುವಷ್ಟರಲ್ಲಿ ಅವುಗಳಲ್ಲಿ ಹಲವರು ನಾಲ್ಕು ಜನರೊಡನೆ ನಿಸ್ಸಂಕೋಚವಾಗಿ ಬೆರೆಯಲು ಕಲಿತಿದ್ದರು.

ನಾಲ್ಕು ತಿಂಗಳಿನಲ್ಲಿಯೇ ಭೇದ ಕಂಡಿತೆಂದ ಮಾತ್ರಕ್ಕೆ ಅದು ತಂದೆತಾಯಿಗಳಿಂದ ಬಂದುದೆಂದು ಸಿದ್ಧವಾಗುವುದಿಲ್ಲ. ಗರ್ಭದಲ್ಲಿಯೂ ಎಷ್ಟೋ ಸಂಗತಿಗಳು ನಡೆದಿರುತ್ತವೆ. ಸ್ವಭಾವವು ಪೀಳಿಗೆಯಿಂದ ಪೀಳಿಗೆಗೆ ಇಳಿಯಬಲ್ಲದೆಂಬುದನ್ನು ಪ್ರಯೋಗದಿಂದ ತೋರಿಸಬೇಕಾದರೆ ಪ್ರಾಣಿಗಳತ್ತ ತಿರುಗಬೇಕಾಗುತ್ತದೆ. ಅಂತಹ ಪ್ರಯೋಗಗಳಲ್ಲಿ ರಶಿಯಾದ ನರಿಗಳ ಕಥೆ ಅತ್ಯಂತ ಸ್ವಾರಸ್ಯವಾದುದು. 1959ರಲ್ಲಿ ದಿಮಿತ್ರಿ ಬೆಲ್ಯಾಯೆವ್ ಎಂಬ ವಿಜ್ಞಾನಿಯು ಸೈಬೀರಿಯದ ನೊವೊಸಿಬಿರ್‌ಸ್ಕ್ ಎಂಬಲ್ಲಿ, ತುಪ್ಪಳಕ್ಕಾಗಿ ಸಾಕಿದ್ದ ಬೆಳ್ಳಿಬಣ್ಣದ ನರಿಗಳಲ್ಲಿ 30 ಗಂಡು, 100 ಹೆಣ್ಣುಗಳನ್ನು ತಂದು ಪ್ರಯೋಗವನ್ನು ಆರಂಭಿಸಿದನು. ಅವನ ನಿಯಮ ಅತಿ ಸರಳ. ಪಂಜರದೊಳಗೆ ಕೈಯಿಟ್ಟಾಗ ಕಚ್ಚಲು ಬರುವ, ಹೆದರಿ ಮೂಲೆ ಸೇರುವ ನರಿಗಳನ್ನು ಬಿಟ್ಟು, ಕೊಂಚ ಸಾಧುವಾದವುಗಳಿಗೆ ಮಾತ್ರ ಸಂತಾನಕ್ಕೆ ಅವಕಾಶ. ಪ್ರತಿ ಪೀಳಿಗೆಯಲ್ಲಿಯೂ ಗಂಡುಗಳಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚಿಲ್ಲದಷ್ಟು, ಹೆಣ್ಣುಗಳಲ್ಲಿ ನೂರಕ್ಕೆ 20ರಷ್ಟು ಮಾತ್ರ ಆಯ್ಕೆಯಾಗುತ್ತಿದ್ದವು. ಮರಿಗಳಿಗೆ ಯಾವ ತರಬೇತಿಯನ್ನೂ ಕೊಡುವಂತಿರಲಿಲ್ಲ; ಮನುಷ್ಯರ ಸಂಪರ್ಕವನ್ನೂ ಅಳೆದು ಇಡಲಾಗಿದ್ದಿತು. ಕಲಿತ ಸಾಧುತನವು ಹುಟ್ಟಿದ ಸಾಧುತನದೊಡನೆ ಬೆರೆಯಬಾರದೆಂಬುದೇ ಇದರ ಉದ್ದೇಶ. ಆರನೆಯ ಪೀಳಿಗೆಯ ಹೊತ್ತಿಗೆ ಕೆಲವು ಮರಿಗಳು ನಾಯಿಮರಿಗಳಂತೆ ಬಾಲವಾಡಿಸುತ್ತ, ಕುಂಯ್‌ಗುಡುತ್ತ, ಮನುಷ್ಯರ ಕೈ ನೆಕ್ಕತೊಡಗಿದವು. ಅಂತಹವು ಹತ್ತನೆಯ ಪೀಳಿಗೆಯಲ್ಲಿ ಶೇಕಡಾ 18, ಇಪ್ಪತ್ತನೆಯದರಲ್ಲಿ ಶೇಕಡಾ 35. 1985ರಲ್ಲಿ ಬೆಲ್ಯಾಯೆವ್ ತೀರಿಕೊಂಡ ಬಳಿಕ ಅವನ ಸಹೋದ್ಯೋಗಿಯಾದ ಲ್ಯುದ್ಮಿಲಾ ತ್ರುತ್ ಎಂಬ ವಿದುಷಿಯು ಈ ಕಾರ್ಯವನ್ನು ದಶಕಗಳವರೆಗೆ ಮುಂದುವರಿಸಿದಳು. ಆ ನರಿಗಳು ನೇರವಾಗಿ ಕಾಡಿನಿಂದ ಬಂದವುಗಳಲ್ಲ, ಮೊದಲೇ ಸಾಕಣೆಯಲ್ಲಿದ್ದವು ಎಂಬ ಆಕ್ಷೇಪವನ್ನು ಕೆಲವರು ಎತ್ತಿದ್ದಾರೆ, ಅದು ನ್ಯಾಯವಾದುದೇ. ಆದರೂ ಅಂಜಿಕೆ, ಕೋಪ, ಸ್ನೇಹಶೀಲತೆಗಳಂತಹ ಗುಣಗಳಿಗೆ ಆನುವಂಶಿಕವಾದ ಬೇರುಗಳಿವೆ ಎಂಬ ಮಾತಿಗೆ ಅದರಿಂದ ಬಾಧೆಯಿಲ್ಲ.

ಈ ಬೇರುಗಳು ಇರುವುದೆಲ್ಲಿ? ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿಯೂ 23 ಜೋಡಿ ವರ್ಣತಂತುಗಳಿವೆಯೆಂಬುದನ್ನು ಮೇಲಿನ ವರ್ಗಗಳ ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಪ್ರತಿ ಜೋಡಿಯಲ್ಲಿ ಒಂದು ತಂದೆಯದು, ಒಂದು ತಾಯಿಯದು. ಈ ತಂತುಗಳ ಉದ್ದಕ್ಕೂ ಡಿ.ಎನ್.ಎ. ಎಂಬ ರಾಸಾಯನಿಕದ ಲಿಪಿಯಿದೆ. ಅದರಲ್ಲಿ ಕೇವಲ ನಾಲ್ಕು ಅಕ್ಷರಗಳು. ಒಂದು ಪ್ರತಿಯಲ್ಲಿ ಅಂತಹ ಸುಮಾರು 300 ಕೋಟಿ ಅಕ್ಷರಗಳಿರುತ್ತವೆ. ಆ ಲಿಪಿಯಲ್ಲಿ ಅರ್ಥಪೂರ್ಣವಾದ ವಾಕ್ಯಗಳಂತಿರುವ ಭಾಗಗಳೇ ವಂಶವಾಹಿಗಳು, ಎಂದರೆ ಇಂದು ಮಕ್ಕಳ ಬಾಯಲ್ಲಿಯೂ ರೂಢಿಯಾಗಿರುವ ಜೀನುಗಳು. ದೇಹಕ್ಕೆ ಬೇಕಾದ ಪ್ರೋಟೀನುಗಳ ಪಾಠವನ್ನು ಹೊತ್ತಿರುವ ಇಂತಹ ಜೀನುಗಳು ಮನುಷ್ಯನಲ್ಲಿ ಸುಮಾರು 20,000. ಯಾವುದೇ ಇಬ್ಬರು ಮನುಷ್ಯರ ಲಿಪಿಯನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಸಾವಿರಕ್ಕೆ ಒಂದರಷ್ಟು ಅಕ್ಷರ ಬೇರೆಯಾಗಿ ಕಾಣುತ್ತದೆ. ಅಲ್ಪವೆನಿಸೀತು, ಆದರೆ 300 ಕೋಟಿಯಲ್ಲಿ ಸಾವಿರಕ್ಕೆ ಒಂದೆಂದರೆ 30 ಲಕ್ಷವಾಗುವುದು.

ಒಂದೇ ಮನೆಯ ಅಣ್ಣತಮ್ಮಂದಿರು ಬೇರೆಬೇರೆಯಾಗುವುದೇಕೆ ಎಂಬುದಕ್ಕೂ ಇಲ್ಲಿಯೇ ಅರ್ಧ ಉತ್ತರವಿದೆ. ತಾಯಿಯ ಅಂಡವಾಗಲಿ ತಂದೆಯ ವೀರ್ಯಾಣುವಾಗಲಿ ಪ್ರತಿ ಜೋಡಿಯಿಂದ ಒಂದೊಂದೇ ತಂತುವನ್ನು ಎತ್ತಿಕೊಳ್ಳುತ್ತದೆ. ಯಾವುದನ್ನು ಎಂಬುದು ಚಿತ್ತೋ ಪಟ್ಟೋ ಎಂಬಂತೆ. ಹೀಗೆ 23 ಸಲ ನಾಣ್ಯ ಚಿಮ್ಮಿದರೆ ಒಬ್ಬರಿಂದ 83,88,608 ಬಗೆಯ ಜೋಡಣೆಗಳು ಸಾಧ್ಯ. ಇಬ್ಬರದನ್ನೂ ಕೂಡಿಸಿದರೆ ಒಂದು ದಂಪತಿಗಳಿಗೆ ಸುಮಾರು 70 ಲಕ್ಷ ಕೋಟಿ ವಿಧದ ಮಕ್ಕಳು ಹುಟ್ಟಬಹುದು! ತಂತುಗಳು ತಮ್ಮೊಳಗೆ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. “ನಮ್ಮ ಮನೆತನದಲ್ಲಿ ಇಂತಹವರು ಯಾರೂ ಇರಲಿಲ್ಲವಲ್ಲ” ಎಂದು ಬೆರಗಾಗುವ ತಂದೆತಾಯಿಗಳು ಈ ಸಂಖ್ಯೆಯನ್ನು ನೆನೆಯುವುದು ಒಳ್ಳೆಯದು. ಆನುವಂಶಿಕತೆಯು ಹೋಲಿಕೆಯನ್ನು ತರುವಂತೆ ಭೇದವನ್ನೂ ತರುತ್ತದೆ.

ಮನುಷ್ಯರಲ್ಲಿ ನರಿಗಳ ಪ್ರಯೋಗವನ್ನು ಮಾಡುವಂತಿಲ್ಲ; ಮಾಡಲೂಬಾರದು. ಆದರೆ ನಿಸರ್ಗವೇ ಒಂದು ಪ್ರಯೋಗವನ್ನು ಸಿದ್ಧಮಾಡಿ ಇಟ್ಟಿದೆ. ಅದೇ ಅವಳಿ ಮಕ್ಕಳು. ಒಂದೇ ಅಂಡವು ಒಡೆದು ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಲಿಪಿ ಬಹುಮಟ್ಟಿಗೆ ಪೂರ್ತಿಯಾಗಿ ಒಂದೇ. ಎರಡು ಅಂಡಗಳಿಂದ ಹುಟ್ಟಿದವರು ಸಾಮಾನ್ಯ ಒಡಹುಟ್ಟಿದವರಂತೆ, ಬೇರೆಯಾಗಬಲ್ಲ ಅಕ್ಷರಗಳಲ್ಲಿ ಸರಾಸರಿ ಅರ್ಧವನ್ನು ಹಂಚಿಕೊಂಡಿರುತ್ತಾರೆ. ಎರಡೂ ಬಗೆಯ ಅವಳಿಗಳು ಒಂದೇ ಮನೆ, ಒಂದೇ ಶಾಲೆ, ಒಂದೇ ಊಟದಲ್ಲಿ ಬೆಳೆದವರು. ಹೀಗಿದ್ದೂ ತದ್ರೂಪಿಗಳು ಸ್ವಭಾವದಲ್ಲಿ ಹೆಚ್ಚು ಹೋಲುವುದಾದರೆ ಆ ಹೆಚ್ಚಿನ ಹೋಲಿಕೆಗೆ ಲಿಪಿಯು ಕಾರಣವೆಂದು ತರ್ಕಿಸಬಹುದು. ಅವಳಿಗಳ ಇತಿಹಾಸದಿಂದ ಹುಟ್ಟು ಮತ್ತು ಪಾಲನೆಗಳನ್ನು ಬೇರ್ಪಡಿಸಬಹುದೆಂಬ ಆಲೋಚನೆಯನ್ನು 1875ರಲ್ಲಿ ಮುಂದಿಟ್ಟವನು ಚಾರ್ಲ್ಸ್ ಡಾರ್ವಿನ್ನನ ದಾಯಾದಿಯಾದ ಫ್ರಾನ್ಸಿಸ್ ಗಾಲ್ಟನ್. ಅವನ ವಿಷಯವನ್ನು ಮುಂದೆ ಇನ್ನೊಮ್ಮೆ ಎತ್ತಬೇಕಾಗಿದೆ. ಶತಮಾನದ ಬಳಿಕ, 1979ರಲ್ಲಿ, ಅಮೇರಿಕೆಯ ಮಿನೆಸೋಟಾ ವಿಶ್ವವಿದ್ಯಾಲಯದ ಥಾಮಸ್ ಬೂಷಾರ್ಡ್ ಎಂಬವನು ಶೈಶವದಲ್ಲಿಯೇ ಅಗಲಿ ಬೇರೆಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನು ಹುಡುಕತೊಡಗಿ ಎರಡು ದಶಕಗಳಲ್ಲಿ ನೂರಕ್ಕೂ ಹೆಚ್ಚು ಜೋಡಿಗಳನ್ನು ಪರೀಕ್ಷಿಸಿದನು. ಬೇರೆಯಾಗಿ ಬೆಳೆದ ತದ್ರೂಪಿಗಳೂ ಸ್ವಭಾವದಲ್ಲಿ, ಕೂಡಿ ಬೆಳೆದವರಷ್ಟೇ ಎನ್ನಬಹುದಾದಷ್ಟು ಹೋಲುತ್ತಿದ್ದರು. ವೃತ್ತಪತ್ರಿಕೆಗಳು ಅವರ ಹೆಂಡಿರ ಹೆಸರು, ನಾಯಿಗಳ ಹೆಸರು ಒಂದೇ ಎಂದು ಬರೆದು ವಾಚಕರನ್ನು ರಂಜಿಸಿದವು. ಅವೆಲ್ಲ ಆಕಸ್ಮಿಕಗಳು, ನಾಯಿಗೆ ಹೆಸರಿಡುವ ಜೀನು ಯಾವುದೂ ಇಲ್ಲ.

2015ರಲ್ಲಿ ಅರ್ಧ ಶತಮಾನದ ಅವಳಿ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿದ ಒಂದು ಬೃಹತ್ ಲೆಕ್ಕ ಪ್ರಕಟವಾಯಿತು. 2,748 ಪ್ರಬಂಧಗಳು, 17,804 ಗುಣಲಕ್ಷಣಗಳು, ಸುಮಾರು 1 ಕೋಟಿ 45 ಲಕ್ಷ ಅವಳಿ ಜೋಡಿಗಳು! ದೇಹ, ರೋಗ, ಮನಸ್ಸು ಎಲ್ಲವನ್ನೂ ಸೇರಿಸಿ ಆನುವಂಶಿಕತೆಯ ಪ್ರಮಾಣವು ಸರಾಸರಿ ಶೇಕಡಾ 49 ಎಂದು ಕಂಡುಬಂದಿತು. ಮನೋವಿಜ್ಞಾನಿಗಳು ಸ್ವಭಾವವನ್ನು ಅಳೆಯಲು ಬಳಸುವ ಬಹಿರ್ಮುಖತೆ, ಸೌಜನ್ಯ, ಕರ್ತವ್ಯನಿಷ್ಠೆ, ಉದ್ವಿಗ್ನತೆ, ಹೊಸತಿಗೆ ತೆರೆದ ಮನಸ್ಸು ಎಂಬ ಐದು ಗುಣಗಳಲ್ಲಿ ಈ ಪ್ರಮಾಣವು ಶೇಕಡಾ 40ರ ಆಸುಪಾಸಿನಲ್ಲಿದೆ.

ಈ ಶೇಕಡಾ 40 ಎಂಬ ಅಂಕಿಯಷ್ಟು ಅಪಾರ್ಥಕ್ಕೆ ಗುರಿಯಾದುದು ಇನ್ನೊಂದಿರಲಾರದು. ಒಬ್ಬನ ಸಿಟ್ಟಿನಲ್ಲಿ ನೂರಕ್ಕೆ 40 ಪಾಲು ಅಜ್ಜನದು, 60 ಪಾಲು ಅವನ ಸ್ವಂತದ್ದು ಎಂಬುದು ಇದರ ಅರ್ಥವಲ್ಲ. ಒಬ್ಬ ವ್ಯಕ್ತಿಯ ಮಟ್ಟಿಗೆ ಈ ಪ್ರಶ್ನೆಗೆ ಅರ್ಥವೇ ಇಲ್ಲ. ಒಂದು ಕೋಣೆಯ ವಿಸ್ತಾರದಲ್ಲಿ ಉದ್ದದ ಪಾಲೆಷ್ಟು ಅಗಲದ ಪಾಲೆಷ್ಟು ಎಂದು ಕೇಳಿದಂತಾದೀತು. ಅದು ಹೇಳುವುದು ಜನಸಮೂಹದಲ್ಲಿನ ಭೇದಗಳ ವಿಷಯವನ್ನು. ಇಂತಹ ಕಾಲದಲ್ಲಿ, ಇಂತಹ ಪರಿಸರದಲ್ಲಿ ಬಾಳುವ ಇಷ್ಟು ಜನರಲ್ಲಿ ಕೆಲವರು ಹೆಚ್ಚು ಸಿಟ್ಟಿನವರು, ಕೆಲವರು ಕಡಿಮೆ ಸಿಟ್ಟಿನವರು ಇದ್ದಾರಷ್ಟೆ? ಆ ಏರುಪೇರಿನಲ್ಲಿ ಎಷ್ಟು ಭಾಗವು ಲಿಪಿಯ ಏರುಪೇರಿಗೆ ಸಂಬಂಧಿಸಿದೆ ಎಂಬುದನ್ನು ಮಾತ್ರ. ಪರಿಸರ ಬದಲಾದರೆ ಅಂಕಿಯೂ ಬದಲಾದೀತು. ಅಮೇರಿಕೆಯ ರಿಚರ್ಡ್ ಲೆವೊಂಟಿನ್ ಎಂಬ ಜೀವವಿಜ್ಞಾನಿಯು 1970ರಲ್ಲಿ ಕೊಟ್ಟ ದೃಷ್ಟಾಂತವನ್ನು ನಮ್ಮ ಜೋಳಕ್ಕೆ ಅನ್ವಯಿಸಿ ನೋಡೋಣ. ಮಿಶ್ರ ತಳಿಯ ಜೋಳದ ಒಂದು ಚೀಲದಿಂದ ಎರಡು ಹಿಡಿ ಬೀಜ ತೆಗೆದು, ಒಂದನ್ನು ಎರೆಹೊಲದಲ್ಲಿಯೂ ಇನ್ನೊಂದನ್ನು ಸಾರವಿಲ್ಲದ ಮೊರಡಿಯಲ್ಲಿಯೂ ಬಿತ್ತಿದರೆ, ಪ್ರತಿಯೊಂದು ಹೊಲದೊಳಗಿನ ಎತ್ತರದ ಭೇದವು ಬಹುಮಟ್ಟಿಗೆ ಬೀಜದ್ದು. ಎರಡು ಹೊಲಗಳ ನಡುವಣ ಭೇದವು ಕೇವಲ ಮಣ್ಣಿನದು. ಆದುದರಿಂದ ಒಂದು ಗುಂಪಿನೊಳಗಿನ ಆನುವಂಶಿಕತೆಯ ಅಂಕಿಯನ್ನು ಹಿಡಿದು ಎರಡು ಜಾತಿಗಳನ್ನೋ ಎರಡು ಜನಾಂಗಗಳನ್ನೋ ತೂಗಲು ಹೊರಡುವುದು ಶುದ್ಧ ಅವಿಚಾರ.

ಆನುವಂಶಿಕವಾದುದೆಲ್ಲ ಅನಿವಾರ್ಯವೆಂಬುದೂ ಇನ್ನೊಂದು ಭ್ರಮೆ. ಫಿನೈಲ್‌ಕೀಟೊನ್ಯೂರಿಯಾ ಎಂಬ ಉದ್ದ ಹೆಸರಿನ ಒಂದು ರೋಗವನ್ನು 1934ರಲ್ಲಿ ನಾರ್ವೆಯ ವೈದ್ಯ ಫೋಲಿಂಗ್ ಕಂಡುಹಿಡಿದನು. ಒಂದೇ ಜೀನು ಎರಡೂ ಪ್ರತಿಗಳಲ್ಲಿ ಕೆಟ್ಟಿದ್ದರೆ, ಆಹಾರದಲ್ಲಿನ ಒಂದು ಅಂಶವು ಜೀರ್ಣವಾಗದೆ ರಕ್ತದಲ್ಲಿ ಶೇಖರಗೊಂಡು ಮಗುವಿನ ಮಿದುಳನ್ನು ಹಾಳುಮಾಡುತ್ತದೆ. ಸಂಪೂರ್ಣ ಆನುವಂಶಿಕ. ಆದರೆ 1950ರ ದಶಕದಲ್ಲಿ ಆ ಅಂಶವನ್ನು ಕಡಿಮೆ ಮಾಡಿದ ಪಥ್ಯವು ಸಿದ್ಧವಾಯಿತು. 1960ರ ದಶಕದಿಂದ ನವಜಾತ ಶಿಶುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸುವ ಪದ್ಧತಿ ಹಲವು ದೇಶಗಳಲ್ಲಿ ಬಂದಿತು. ಪಥ್ಯ ಹಿಡಿದ ಮಗು ಎಲ್ಲರಂತೆ ಶಾಲೆಗೆ ಹೋಗುತ್ತದೆ. ಜೀನು ಇದ್ದಂತೆಯೇ ಇದೆ, ಬದಲಾದುದು ಊಟ.

ಇನ್ನು ಸ್ವಭಾವದ ಜೀನುಗಳ ಶೋಧದ ಕಥೆ. ಇದರಲ್ಲಿ ಉತ್ಸಾಹವೂ ಇದೆ, ಭಂಗವೂ ಇದೆ. 1996ರ ಜನವರಿಯಲ್ಲಿ ಇಸ್ರೇಲಿನ ಮತ್ತು ಅಮೇರಿಕೆಯ ಎರಡು ತಂಡಗಳು ಡೋಪಮೀನ್ ಎಂಬ ನರರಾಸಾಯನಿಕವನ್ನು ಗ್ರಹಿಸುವ ಒಂದು ಜೀನಿನ ಉದ್ದನೆಯ ರೂಪವುಳ್ಳವರು ಹೊಸತನ್ನು ಅರಸುವ ಸ್ವಭಾವದವರೆಂದು ಪ್ರಕಟಿಸಿದವು. ಅದೇ ವರ್ಷದ ಕೊನೆಯಲ್ಲಿ ಜರ್ಮನಿಯ ಕ್ಲಾಸ್-ಪೀಟರ್ ಲೆಶ್ ಮತ್ತು ಸಂಗಡಿಗರು ಸಿರೊಟೋನಿನ್ ಎಂಬ ಇನ್ನೊಂದು ರಾಸಾಯನಿಕವನ್ನು ಸಾಗಿಸುವ ಜೀನಿನ ಗಿಡ್ಡ ರೂಪಕ್ಕೂ ಉದ್ವಿಗ್ನತೆಗೂ ಸಂಬಂಧವಿದೆಯೆಂದರು. ಅವರು ಪರೀಕ್ಷಿಸಿದ್ದು 505 ಜನರನ್ನು. ಅವರ ಹೇಳಿಕೆಯಂತೆಯೂ ಆ ಜೀನಿನ ಪಾಲು ಒಟ್ಟು ಭೇದದಲ್ಲಿ ಶೇಕಡಾ 3-4 ಮಾತ್ರ. ಆದರೆ ವೃತ್ತಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು. ಸಾಹಸದ ಜೀನು, ಚಿಂತೆಯ ಜೀನು, ಕಲಹದ ಜೀನು ಎಂಬ ಶಿರೋನಾಮೆಗಳು ವರ್ಷಾನುಗಟ್ಟಲೆ ಮೆರೆದವು. ನೂರಾರು ಪ್ರಬಂಧಗಳು ಹೊರಬಂದವು. ಬರುತ್ತ ಬರುತ್ತ ಒಂದು ಪ್ರಬಂಧ ಹೌದೆಂದುದನ್ನು ಮತ್ತೊಂದು ಅಲ್ಲವೆನ್ನತೊಡಗಿತು. ಕೊನೆಗೆ 2019ರಲ್ಲಿ ಅಮೇರಿಕೆಯ ಸಂಶೋಧಕರು, ಮನೋಖಿನ್ನತೆಗೆ ಕಾರಣವೆಂದು ಅತಿಯಾಗಿ ಹೆಸರಾದ 18 ಜೀನುಗಳನ್ನು, ಸಿರೊಟೋನಿನ್ನಿನ ಆ ಜೀನನ್ನೂ ಒಳಗೊಂಡು, ಲಕ್ಷಾಂತರ ಜನರ ಮಾಹಿತಿಯಲ್ಲಿ ಪರೀಕ್ಷಿಸಿದರು. ಕಣ್ಣು ಮುಚ್ಚಿ ಆರಿಸಿದ ಯಾವುದೇ 18 ಜೀನುಗಳಿಗಿಂತ ಅವು ಮೇಲಾಗಿರಲಿಲ್ಲ! ಕೆಲವು ನೂರು ಜನರನ್ನು ನೋಡಿದಾಗ ಆಕಸ್ಮಿಕವಾಗಿ ಕಂಡ ಹೋಲಿಕೆಯೇ ಸತ್ಯದಂತೆ ತೋರಿದ್ದಿತು. ತನ್ನ ಅಂಗಳದಲ್ಲಿಯ ಇಷ್ಟು ದೊಡ್ಡ ಕಸವನ್ನು ತಾನೇ ಗುಡಿಸಿಹಾಕಿದ್ದು ಈ ಶಾಸ್ತ್ರದ ಗೌರವಕ್ಕೆ ಸಲ್ಲತಕ್ಕ ಮಾತೆಂದು ನಾವು ಭಾವಿಸುತ್ತೇವೆ.

ಅಷ್ಟರಲ್ಲಿಯೇ ಇಂತಹ ಶೋಧಗಳು ನ್ಯಾಯಾಲಯವನ್ನೂ ಮುಟ್ಟಿದ್ದವು. 1993ರಲ್ಲಿ ಹಾಲೆಂಡಿನ ಒಂದು ಕುಟುಂಬದಲ್ಲಿ ಒಂದು ಕಿಣ್ವದ ಜೀನು ಪೂರ್ತಿ ನಿಷ್ಕ್ರಿಯವಾಗಿ, ಅದನ್ನು ಪಡೆದ ಗಂಡಸರು ಹಠಾತ್ತಾಗಿ ಉದ್ರೇಕಗೊಳ್ಳುವವರಾಗಿದ್ದುದು ಕಂಡುಬಂದಿತ್ತು. ಅದು ಅತ್ಯಂತ ವಿರಳವಾದ ದೋಷ. ಆದರೆ ಅದೇ ಜೀನಿನ ತೀರ ಸಾಮಾನ್ಯವಾದ ಒಂದು ರೂಪಭೇದಕ್ಕೂ, ಕೋಟ್ಯಂತರ ಶಾಂತ ಜನರಲ್ಲಿ ಇರುವಂತಹದಕ್ಕೂ, ಅದೇ ಅಪಕೀರ್ತಿ ಅಂಟಿಕೊಂಡಿತು. 2009ರಲ್ಲಿ ಇಟಲಿಯ ಟ್ರಿಯೆಸ್ಟ್ ನಗರದ ಮೇಲ್ಮನವಿ ನ್ಯಾಯಾಲಯವು ಈ ಬಗೆಯ ಜೀನು ಪರೀಕ್ಷೆಯನ್ನೂ ಗಣನೆಗೆ ತೆಗೆದುಕೊಂಡು ಕೊಲೆಗಾರನೊಬ್ಬನ ಶಿಕ್ಷೆಯಲ್ಲಿ 1 ವರ್ಷವನ್ನು ಇಳಿಸಿತು. ಇಂದು ಶಿಕ್ಷೆಯನ್ನು ಇಳಿಸಿದ ತರ್ಕವೇ ನಾಳೆ “ಇವನು ಹುಟ್ಟಿನಿಂದಲೇ ಅಪಾಯಕಾರಿ, ಬಿಡಬೇಡಿ” ಎಂದು ಶಿಕ್ಷೆಯನ್ನು ಏರಿಸಲಾರದೆ?

ಹಾಗಾದರೆ ಅವಳಿಗಳಲ್ಲಿ ಕಂಡ ಆ ಶೇಕಡಾ 40 ಎಲ್ಲಿ ಅಡಗಿದೆ? ಸಹಸ್ರಾರು ಅಕ್ಷರಗಳಲ್ಲಿ ಹರಡಿಕೊಂಡಿದೆ ಎಂಬುದೇ ಇಂದಿನ ಉತ್ತರ. 2018ರಲ್ಲಿ 4,49,484 ಜನರ ಲಿಪಿಯನ್ನು ಶೋಧಿಸಿ, ಉದ್ವಿಗ್ನ ಸ್ವಭಾವಕ್ಕೆ ಸಂಬಂಧಪಟ್ಟ 136 ಸ್ಥಾನಗಳನ್ನು ಗುರುತಿಸಲಾಯಿತು. ಪ್ರತಿಯೊಂದರ ಪ್ರಭಾವವೂ ಸಾಸಿವೆಯ ಕಾಳಿನಷ್ಟು. ಲಿಪಿಯ ಎಲ್ಲ ಸೂಕ್ಷ್ಮಭೇದಗಳನ್ನು ಕೂಡಿಸಿ ಲೆಕ್ಕ ಹಾಕಿದರೂ ಜನರ ನಡುವಣ ಭೇದದಲ್ಲಿ ಕೆಲವೇ ಶೇಕಡಾವನ್ನು ಮಾತ್ರ ಮುಂಚಿತವಾಗಿ ಹೇಳಲು ಸಾಧ್ಯವಾಯಿತು. ಒಂದು ಅಕ್ಷರವು ಯಾರನ್ನೂ ಅಂಜುಬುರುಕನನ್ನಾಗಿ ಮಾಡುವುದಿಲ್ಲ. ಅದು ಒಂದು ಪ್ರೋಟೀನಿನ ಆಕಾರವನ್ನೋ ಪ್ರಮಾಣವನ್ನೋ ಕೂದಲೆಳೆಯಷ್ಟು ಬದಲಿಸುತ್ತದೆ. ಆ ಪ್ರೋಟೀನು ಮಿದುಳಿನ ನರಕೋಶಗಳು ಕವಲೊಡೆಯುವ ಇಲ್ಲವೆ ಪರಸ್ಪರ ಸಂದೇಶ ಕಳಿಸುವ ರೀತಿಯಲ್ಲಿ ಅಲ್ಪ ವ್ಯತ್ಯಾಸವನ್ನು ತರುತ್ತದೆ. ಅಂತಹ ಸಾವಿರಾರು ವ್ಯತ್ಯಾಸಗಳು ಕೂಡಿದಾಗ, ಪಟಾಕಿಯ ಸದ್ದಿಗೆ ಒಂದು ಮಗುವಿನ ಎದೆ ಕೊಂಚ ಹೆಚ್ಚು ಹೊತ್ತು ಡವಡವಗುಟ್ಟುತ್ತದೆ, ಇನ್ನೊಂದರದು ಬೇಗ ಶಾಂತವಾಗುತ್ತದೆ.

ಮುಂದಿನದು ಮನೆ, ಬೀದಿ, ಶಾಲೆಗಳಲ್ಲಿ ನಡೆಯುವ ಸಂಗತಿ. ನಗುಮೊಗದ ಶಿಶುವನ್ನು ಬಂದವರೆಲ್ಲ ಎತ್ತಿಕೊಳ್ಳುತ್ತಾರೆ. ಅದರಿಂದ ಅದು ಇನ್ನಷ್ಟು ನಗಲು ಕಲಿಯುತ್ತದೆ. ಅಳುವ ಶಿಶುವನ್ನು ಬೇಗ ಕೆಳಗಿಳಿಸುತ್ತಾರೆ. ಓದಿನಲ್ಲಿ ಮನಸ್ಸುಳ್ಳ ಹುಡುಗಿ ಗ್ರಂಥಾಲಯವನ್ನು ತಾನೇ ಹುಡುಕಿಕೊಂಡು ಹೋಗುತ್ತಾಳೆ, ಆಟದವನು ಮೈದಾನವನ್ನು. ಹೀಗೆ ಹುಟ್ಟಿನ ಸಣ್ಣ ಒಲವು ತನಗೆ ತಕ್ಕ ಪರಿಸರವನ್ನು ಸೆಳೆದುಕೊಂಡು ದೊಡ್ಡದಾಗುತ್ತದೆ. ಇಲ್ಲಿ ಹುಟ್ಟು ಯಾವುದು, ಪಾಲನೆ ಯಾವುದು? ಥಾಮಸ್ ಮತ್ತು ಚೆಸ್ ದಂಪತಿಗಳು ತಮ್ಮ ದೀರ್ಘ ಪರಿಶೀಲನೆಯಿಂದ ತೆಗೆದ ನಿರ್ಣಯವೂ ಇದಕ್ಕೆ ಹೊಂದುತ್ತದೆ. ಕಷ್ಟ ಸ್ವಭಾವದ ಮಗುವೆಲ್ಲ ತೊಂದರೆಗೆ ಸಿಕ್ಕುವುದಿಲ್ಲ; ಮಗುವಿನ ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ಹೊಂದಿಕೆ ತಪ್ಪಿದಲ್ಲಿ ಮಾತ್ರ ಸಿಕ್ಕುತ್ತದೆ. ನಿಧಾನವಾಗಿ ಒಗ್ಗಿಕೊಳ್ಳುವ ಹುಡುಗನನ್ನು ಮೊದಲ ದಿನವೇ ವೇದಿಕೆಗೆ ನೂಕಿದರೆ ಅವನು ಮುದುಡುತ್ತಾನೆ. ಹಾಗೆಂದು ಅವನನ್ನು ಹಿಂದಿನ ಬಾಕಿನಲ್ಲಿಯೇ ಬಿಟ್ಟರೂ ಕೆಡುತ್ತಾನೆ. ಮೊದಲು ಇಬ್ಬರ ಮುಂದೆ, ಬಳಿಕ ಹತ್ತು ಜನರ ಮುಂದೆ ಓದಿಸಿದರೆ ಅವನೇ ಸ್ನೇಹಸಮ್ಮೇಲನದಲ್ಲಿ ಭಾಷಣ ಮಾಡಿಯಾನು. ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ಇದನ್ನು ಜೀನಿನ ಹೆಸರನ್ನೂ ಕೇಳದ ಕಾಲದಿಂದಲೇ ಅರಿತವರಿದ್ದರು.

ಈಗ ಗಾಲ್ಟನ್ನನ ಮಾತಿಗೆ ಬರೋಣ. 1883ರಲ್ಲಿ ಅವನೇ “ಯೂಜೆನಿಕ್ಸ್” ಎಂಬ ಶಬ್ದವನ್ನು ಟಂಕಿಸಿದನು. ಯೋಗ್ಯರ ಸಂತಾನ ಹೆಚ್ಚಲಿ, ಅಯೋಗ್ಯರದು ಕುಗ್ಗಲಿ ಎಂಬ ವಾದ ಅದರದು. ಅಮೇರಿಕೆಯ ವರಿಷ್ಠ ನ್ಯಾಯಾಲಯವು 1927ರಲ್ಲಿ, ಮಂದಬುದ್ಧಿಯವರೆಂದು ಗುರುತಿಸಲ್ಪಟ್ಟವರಿಗೆ ಬಲಾತ್ಕಾರದಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದನ್ನು ಮಾನ್ಯಮಾಡಿತು. ಆ ದೇಶದಲ್ಲಿ 60,000ಕ್ಕೂ ಹೆಚ್ಚು ಜನರು ಇಂತಹ ಚಿಕಿತ್ಸೆಗೆ ಗುರಿಯಾದರು. ಹಿಟ್ಲರನ ಜರ್ಮನಿಯು ಇದನ್ನು ಎಲ್ಲಿಗೆ ಒಯ್ದಿತೆಂಬುದನ್ನು ವಿವರಿಸಬೇಕಾದುದಿಲ್ಲ. ಆದರೆ ದೂರದ ದೇಶಗಳನ್ನು ದೂಷಿಸಿ ಮುಗಿಸುವ ಹಾಗಿಲ್ಲ. ನಮ್ಮ ನೆಲದಲ್ಲಿಯೇ 1871ರಲ್ಲಿ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾನೂನನ್ನು ಮಾಡಿ, ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿತು. ಜೀನು ಎಂಬ ಶಬ್ದವೇ 1909ರವರೆಗೆ ಹುಟ್ಟಿರಲಿಲ್ಲ. ಕಳ್ಳತನ ವಂಶಪಾರಂಪರ್ಯವಾದುದೆಂಬ ನಂಬಿಕೆಗೆ ಅದರ ಅವಶ್ಯಕತೆಯೂ ಬೀಳಲಿಲ್ಲ. 1911ರ ಕಾನೂನಿನಿಂದ ಇದು ಮುಂಬಯಿ ಪ್ರಾಂತಕ್ಕೂ ಹಬ್ಬಿತು. ಸೊಲ್ಲಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಅಂತಹ ಕುಟುಂಬಗಳನ್ನು ಕೂಡಿಹಾಕಿದ ವಸಾಹತುಗಳಿದ್ದವು. ಯಾವ ಅಪರಾಧವನ್ನೂ ಮಾಡದವರೂ ಹಾಜರಿ ಹಾಕಬೇಕಾಗಿತ್ತು, ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಸ್ವತಂತ್ರ ಭಾರತವು 1952ರಲ್ಲಿ ಈ ಕಾನೂನನ್ನು ರದ್ದುಮಾಡಿತು. ಅಂದಿನಿಂದ ಆ ಜನರಿಗೆ ವಿಮುಕ್ತರೆಂಬ ಹೆಸರು. ಅವರ ಮೊಮ್ಮಕ್ಕಳು ಇಂದು ಉಪಾಧ್ಯಾಯರೂ ಲೇಖಕರೂ ಆಗಿದ್ದಾರೆ. ಸಂಶಯದ ದೃಷ್ಟಿ ಮಾತ್ರ ಇನ್ನೂ ಅವರನ್ನು ಪೂರ್ತಿಯಾಗಿ ಬಿಟ್ಟಿಲ್ಲ.

ಈಗಿನ ಕಾಲದ ಒಂದು ಆಮಿಷವನ್ನೂ ಪಾಲಕರ ಗಮನಕ್ಕೆ ತರುವುದು ಅವಶ್ಯ. ಮಗುವಿನ ಉಗುಳನ್ನು ಶೀಶೆಯಲ್ಲಿ ಕಳಿಸಿ ಹಣ ಕಟ್ಟಿದರೆ ಅದರ ಸ್ವಭಾವ, ಪ್ರತಿಭೆ, ಮುಂದೆ ಹಿಡಿಯಬೇಕಾದ ವೃತ್ತಿ ಇವುಗಳನ್ನೆಲ್ಲ ತಿಳಿಸುತ್ತೇವೆಂಬ ವ್ಯಾಪಾರಿಗಳು ನಮ್ಮ ನಗರಗಳಲ್ಲಿಯೂ ತಲೆಯೆತ್ತಿದ್ದಾರೆ. ಲಕ್ಷಗಟ್ಟಲೆ ಜನರ ಸರಾಸರಿಯಲ್ಲಿ ಕೆಲವೇ ಶೇಕಡಾವನ್ನು ಹೇಳಬಲ್ಲ ವಿದ್ಯೆಯು ಒಂದು ಮಗುವಿನ ಭವಿಷ್ಯವನ್ನು ಹೇಗೆ ಹೇಳೀತು? ಮೇಲಾಗಿ, ಇಂತಹ ಸಂಶೋಧನೆಗಳಲ್ಲಿ ಭಾಗವಹಿಸಿದವರು ಬಹುತೇಕ ಐರೋಪ್ಯ ಮೂಲದವರು. ಅವರಲ್ಲಿ ಕಂಡ ಅಂಕಿಗಳು ನಮ್ಮವರಿಗೆ ನೇರವಾಗಿ ಅನ್ವಯಿಸುವುದಿಲ್ಲ. ಭಾರತೀಯರ ಲಿಪಿಯನ್ನು ಓದುವ ಕಾರ್ಯವು ಇತ್ತೀಚಿನದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿಯ ಮಿದುಳು ಸಂಶೋಧನ ಕೇಂದ್ರದ ನೇತೃತ್ವದಲ್ಲಿ 20 ಸಂಸ್ಥೆಗಳು ಕೂಡಿ ನಾನಾ ಸಮುದಾಯಗಳ 10,000 ಜನರ ಡಿ.ಎನ್.ಎ.ಯನ್ನು ಓದಿದ ಜೀನೋಮ್ ಇಂಡಿಯಾ ಯೋಜನೆಯ ಮಾಹಿತಿಯು 2025ರ ಜನವರಿಯಲ್ಲಿ ಸಂಶೋಧಕರಿಗೆ ದೊರಕುವಂತಾಯಿತು. ಅದರ ಗುರಿ ಮುಖ್ಯವಾಗಿ ರೋಗ ಮತ್ತು ಔಷಧ, ಸ್ವಭಾವವಲ್ಲ.

ಕೊನೆಯದಾಗಿ ಒಂದು ಕೌತುಕದ ಪ್ರಶ್ನೆ. ಒಂದೇ ಲಿಪಿಯುಳ್ಳ, ಒಂದೇ ಮನೆಯಲ್ಲಿ ಬೆಳೆದ ತದ್ರೂಪಿ ಅವಳಿಗಳೂ ಸ್ವಭಾವದಲ್ಲಿ ಪೂರ್ತಿ ಒಂದೇ ಆಗುವುದಿಲ್ಲ. ಹೋಲಿಕೆಯಷ್ಟೇ ಭೇದವೂ ಅವರಲ್ಲಿರುತ್ತದೆ. ಲಿಪಿಯೂ ಅಲ್ಲ, ಮನೆಯೂ ಅಲ್ಲ ಎಂದಾದರೆ ಇದು ಬಂದುದೆಲ್ಲಿಂದ? 2013ರಲ್ಲಿ ಜರ್ಮನಿಯ ಸಂಶೋಧಕರು ಆನುವಂಶಿಕವಾಗಿ ಒಂದೇ ಆದ 40 ಇಲಿಗಳನ್ನು ಹಲವು ಅಂತಸ್ತುಗಳ ಒಂದೇ ದೊಡ್ಡ ಪಂಜರದಲ್ಲಿ ಬಿಟ್ಟು, ಪ್ರತಿ ಇಲಿಗೂ ರೇಡಿಯೋ ಗುರುತನ್ನಿಟ್ಟು, ಮೂರು ತಿಂಗಳು ಅವುಗಳ ಓಡಾಟವನ್ನು ದಾಖಲಿಸಿದರು. ಆರಂಭದಲ್ಲಿ ಅವುಗಳಲ್ಲಿ ಭೇದ ಅಲ್ಪವಾಗಿತ್ತು. ದಿನ ಕಳೆದಂತೆ ಕೆಲವು ಇಲಿಗಳು ಪಂಜರದ ಮೂಲೆಮೂಲೆಯನ್ನೂ ಸುತ್ತಿಬರುವ ಸಂಚಾರಿಗಳಾದವು. ಕೆಲವು ತಮಗೆ ಹಿಡಿಸಿದ ಎಡೆಗಳನ್ನು ಬಿಟ್ಟು ಹೆಚ್ಚು ಕದಲದಾದವು. ಒಂದಕ್ಕೊಂದಕ್ಕೆ ಅಂತರ ವಾರವಾರಕ್ಕೂ ಬೆಳೆಯುತ್ತ ಹೋಯಿತು. ಕೊನೆಯಲ್ಲಿ ಮಿದುಳುಗಳನ್ನು ಪರೀಕ್ಷಿಸಿದಾಗ, ಹೆಚ್ಚು ಅಲೆದಾಡಿದ ಇಲಿಗಳಲ್ಲಿ, ನೆನಪು ಮತ್ತು ಕಲಿಕೆಗೆ ಸಂಬಂಧಪಟ್ಟ ಭಾಗದಲ್ಲಿ, ಹೊಸದಾಗಿ ಹುಟ್ಟಿದ ನರಕೋಶಗಳು ಹೆಚ್ಚಾಗಿದ್ದವು.